ಜಾರಿದ ಕೆಂಪು

ಮಾರ್ಚ್ 3

ಇವತ್ತೂ ಡ್ರ್ಯಾಗನ್ನಿನ ಮೈಗೆ ಹುರುಪೆ ಬರೆದದ್ದೇ ಬಂತು. ಕುತ್ತಿಗೆ ಪರವಾಗಿಲ್ಲ. ರೆಕ್ಕೆ ಮಾತ್ರ ಒದ್ದೆ ಛತ್ರಿ. ಕೊನೆಗೆ ಯಥಾಪ್ರಕಾರ ಬೆನ್ನಿನಂಚಿಗೆ ಕೆಂಪು ಗೆರೆ ಎಳೆದೆ. ನನ್ನ ಪ್ರಾಣಿಗಳಿಗೆ ಜೀವ ಬರುವುದೇ ಆಗ.

ಫೋಟೋ ನೋಡಿ ಎಡಿಟರ್ ಫೋನ್. "ಹೊಸ ಮುದ್ರಣದ ಕವರ್ ಚೆನ್ನಾಗಿದೆ. ಆದ್ರೆ ಹಳೇ ಪುಸ್ತಕಕ್ಕೆ ಚಿತ್ರ ಬರೆದೋರು ಇನ್ನೂ ಇದಾರೆ. ಅವರು ಬೇಡ ಅಂದ್ರೆ ಮುಗೀತು."

ಅವರು ಅಂದರೆ ಚಿತ್ರದಮ್ಮ! ಚಿಕ್ಕವರಿದ್ದಾಗ ಅಕ್ಕ ಇಟ್ಟ ಹೆಸರು. ಬದುಕಿದ್ದಾರೆ... ಅದೂ ಇದೇ ಊರಿನಲ್ಲಿ.

ಮಾರ್ಚ್ 4, ಬೆಳಿಗ್ಗೆ

ಅಕ್ಕನ ಮನೆಯಿಂದ ಆ ಪುಸ್ತಕ ತಂದೆ. ರಟ್ಟು ಕಿತ್ತುಹೋಗಿದೆ. ಮೂಲೆ ಕಡಿದದ್ದು ನಾನಂತೆ, ಹಲ್ಲು ಬರುವಾಗ. ಬೆಟ್ಟದ ಮೇಲೆ ಮಲಗಿದ ಡ್ರ್ಯಾಗನ್. ಅದರ ಮೈಯಂಚಿನಿಂದ ಕೂದಲೆಳೆಯಷ್ಟು ಹೊರಗೆ ಕೆಂಪು. ಹೊಟ್ಟೆಯೊಳಗಿನ ಬೆಂಕಿ ಸೋರುತ್ತಿದೆ ಅಂತ ಆಗ ನಂಬಿದ್ದೆ. ಈಗಲೂ ಮೈ ಜುಮ್ಮೆಂದಿತು. ನನ್ನ ಕೆಂಪು ಗೆರೆ ಇಲ್ಲಿಂದಲೇ ಬಂದದ್ದು.

"ಆ ಹಲ್ಲಿ ಹುಚ್ಚು ನಿಂಗಿನ್ನೂ ಬಿಟ್ಟಿಲ್ವಾ?" — ಅಕ್ಕ.

ಮಾರ್ಚ್ 9, ಸಂಜೆ

ಚಿತ್ರದಮ್ಮನ ಮನೆಗೆ ಹೋಗಿ ಬಂದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಬಾಗಿಲು ತೆರೆದರೆ ಎಣ್ಣೆಬಣ್ಣದ ವಾಸನೆ. ಸೋಫಾದ ಹಿಂದಿನ ಗೋಡೆಯಲ್ಲಿ... ಒರಿಜಿನಲ್! ಬಾಗಿಲಷ್ಟು ದೊಡ್ಡದು. ಹುರುಪೆ ಹುರುಪೆಯಲ್ಲೂ ಮೋಡದ ನೆರಳು. ಪುಸ್ತಕದಲ್ಲಿ ಇದ್ಯಾವುದೂ ಕಂಡಿರಲಿಲ್ಲ. ಚಪ್ಪಲಿ ಬಿಡುವುದನ್ನೂ ಮರೆತು ನಿಂತುಬಿಟ್ಟೆ.

ಆಮೇಲೆ ಕಣ್ಣಿಗೆ ಬಿತ್ತು. ಕೆಂಪಿಲ್ಲ. ಎಲ್ಲೂ ಇಲ್ಲ.

"ಒಳಗಿನ ಬೆಂಕಿ ಸೋರ್ತಾ ಇರೋ ಹಾಗಿತ್ತಲ್ಲ, ಅಮ್ಮಾ..." ಅಂದೆ.

"ಬೆಂಕಿನೂ ಇಲ್ಲ, ಮಣ್ಣೂ ಇಲ್ಲ. ಅಚ್ಚು ಹಾಕೋಕೆ ಒಂದೊಂದು ಬಣ್ಣಕ್ಕೆ ಒಂದೊಂದು ಪ್ಲೇಟು. ಬೇರೆ ಬಣ್ಣದೊಳಗೆ ಬೆರೀಬೇಕಾದ ಕೆಂಪಿಂದು ಪ್ರೆಸ್ಸಲ್ಲಿ ಅಂಚಿನಾಚೆ ಜಾರಿಬಿಡ್ತು. ನಾನು ಊಟ ಬಿಟ್ಟು ಅತ್ತಿದ್ದೆ."

ನನ್ನ ಕೈಚಳಕ ಅಂದುಕೊಂಡದ್ದು ಅಚ್ಚಿನ ತಪ್ಪು! ಅವರು ಊಟ ಬಿಟ್ಟು ಅಳುವಂತೆ ಮಾಡಿದ ತಪ್ಪು. ಕವರ್ ಚಿತ್ರ ಚೀಲದಲ್ಲೇ ಇರಲಿ ಅಂದುಕೊಂಡೆ. ಅವರೇ ಎಳೆದುಕೊಂಡರು. "ಬಿಟ್ಟೋಗು. ಬೆಳಕಲ್ಲಿ ನೋಡ್ತೀನಿ."

ಮಾರ್ಚ್ 10

ಕೆಂಪಿಲ್ಲದೆ ಬರೆದು ನೋಡಿದೆ. ಅಕ್ಕ ಹೇಳಿದ್ದೇ ಸರಿ. ಹಲ್ಲಿ.

ಮಾರ್ಚ್ 17, ಮಧ್ಯಾಹ್ನ

ಕೊನೆಗೂ ಕರೆದರು. ನನ್ನ ಕವರ್ ಅವರ ಚಿತ್ರದ ಪಕ್ಕದಲ್ಲೇ ಒರಗಿ ನಿಂತಿತ್ತು. ಬೈಸಿಕೊಳ್ಳುವುದಕ್ಕೆ ತಯಾರಾಗಿ ಕೂತೆ.

"ನಿನ್ನದರ ಬೆಂಕಿ ಪಕ್ಕ ಇಟ್ಟಾಗ ಗೊತ್ತಾಯ್ತು, ಇಷ್ಟು ವರ್ಷ ನನ್ನದು ಚಳೀಲಿ ಮಲಗಿತ್ತು," ಅಂದರು. "ನಿಮ್ಮ ಎಡಿಟರ್‌ಗೆ ಹ್ಞೂಂ ಅಂದೆ ಅಂತ ಹೇಳು. ನಾಳೆ ಬೆಳಿಗ್ಗೆ ಬಂದು ಇದಕ್ಕೂ ಎಳಿ, ಆ ಗೆರೆ."

"ಒರಿಜಿನಲ್ ಮೇಲಾ?"

"ಮತ್ತೇನು, ಗೋಡೆ ಮೇಲಾ? ನನ್ನ ಕೈ ನಡುಗುತ್ತೆ, ಮಗೂ."

ಮನೆಗೆ ಬಂದು ಕುಂಚಗಳನ್ನೆಲ್ಲ ತೊಳೆದಿಟ್ಟೆ.

ಮಾರ್ಚ್ 18, ಬೆಳಿಗ್ಗೆ, ಅವರ ಮನೆ

ಕೆಂಪು ಕಲಸಿ ಆಯಿತು. ಚಿತ್ರದಮ್ಮ ಕಿಟಕಿ ತೆರೆದು ಕೂತಿದ್ದಾರೆ. ಇಷ್ಟು ಹತ್ತಿರ ಬಂದರೆ ಆ ಬೆನ್ನು ಉಸಿರಾಡುವ ಹಾಗಿದೆ. ಇದರ ಮೇಲೆ ನನ್ನ ಕೈ! ನಂಬಲಿಕ್ಕೇ ಆಗುತ್ತಿಲ್ಲ. "ಡೈರಿ ಬರೆದದ್ದು ಸಾಕು, ಬಿಸಿಲು ಹೋಗುತ್ತೆ, ಬಾ," ಅನ್ನುತ್ತಿದ್ದಾರೆ. ಬಾಲದಿಂದ ಶುರು ಮಾಡಲೋ, ಇಲ್ಲ ಕುತ್ತಿಗೆ—