ಅಕ್ಕನ ಪ್ರೊಫೈಲ್

ಮಾರ್ಚ್ 3, ಬೆಳಿಗ್ಗೆ 8
ಅಂಗಡಿಗೆ ಹೊರಡುವ ಮುಂಚೆ ಅಕ್ಕನಿಗೆ ಮತ್ತೆ ಫೋನ್. ಇವತ್ತಿಗೆ ಹನ್ನೊಂದು ದಿನ, ಸಿಕ್ಕಿಲ್ಲ. ಭಾವನಿಗೇ ಮಾಡಿದೆ.
"ಅವಳ ನಂಬರಿಗೆ ರೀಚಾರ್ಜ್ ನಿಲ್ಲಿಸಿದೀನಿ. ವೈಫೈ ಟಿವಿಗಷ್ಟೇ. ದಿನವಿಡೀ ಸಿನಿಮಾ ಇದೆಯಲ್ಲ, ಇನ್ನೇನು ಬೇಕು ಅವಳಿಗೆ?"
ನಗುತ್ತಲೇ ಹೇಳಿದ.
ಆ ಸಿನಿಮಾ ಆ್ಯಪ್‌ಗೆ ಚಂದಾ ಕಟ್ಟುವುದು ನಾನು. ಅದಕ್ಕೇ ಉಳಿಸಿಕೊಂಡಿದ್ದಾನೆ. ಬಿಟ್ಟಿ ಸಿಕ್ಕಿದ್ದನ್ನು ಬಿಡುವವನಲ್ಲ.

ಮಾರ್ಚ್ 5
ಊಟದ ಬಿಡುವು. ಕನ್ನಡಕದ ಅಂಗಡಿಯ ಹಿಂದಿನ ಕೋಣೆ, ಗಾಜು ಉಜ್ಜುವ ಮಷೀನ್ ಪಕ್ಕ. ಸುಮ್ಮನೆ ಆ್ಯಪ್ ತೆರೆದೆ. 'ಯಾರು ನೋಡುತ್ತಿದ್ದೀರಿ?' ಕೆಳಗೆ ಎಂದಿನ ಮೂರು ಪ್ರೊಫೈಲ್. ಭಾವನದು, ನನ್ನದು… 'ಅಕ್ಕ' ಎಂದಿದ್ದ ಕಡೆ 'ಪುಟ್ಟಿ, ನೋಡ್ತಿದೀಯಾ'.
ನನ್ನನ್ನು ಪುಟ್ಟಿ ಅನ್ನುವವಳು ಅವಳೊಬ್ಬಳೇ. ನನ್ನ ಹೆಸರು ಅಳಿಸಿ 'ನೋಡ್ತಿದೀನಿ' ಎಂದು ಹಾಕಿದೆ.

ಅದೇ ದಿನ, ಸಂಜೆ 4
ಅಕ್ಕನ ಪ್ರೊಫೈಲ್ ಹೆಸರು ಈಗ 'ಹೊರಗಿಂದ ಬೀಗ'. ಓದಿ ಮುಗಿಸುವಷ್ಟರಲ್ಲಿ ಮತ್ತೆ 'ಅಕ್ಕ' ಆಯಿತು. ಭಾವ ಬರುವ ಹೊತ್ತು. ನಾನೂ ನನ್ನದನ್ನು ಸರಿ ಮಾಡಿದೆ.

ಮಾರ್ಚ್ 6
ಪೊಲೀಸ್ ಸ್ಟೇಷನ್. ಅಲ್ಲಿದ್ದ ಮೇಡಂ ಕೇಳಿದರು, "ಟಿವೀಲಿ ಹೆಸರು ಬದಲಾಯ್ತು ಅಂತ ಕಂಪ್ಲೇಂಟ್ ಬರ್ಕೊಳ್ಳಲೇನಮ್ಮಾ?" ಆದರೂ ತಮ್ಮ ನಂಬರ್ ಕೊಟ್ಟರು. "ಇನ್ಮೇಲೆ ಏನೇ ಬಂದ್ರೂ ಫೋಟೋ ತೆಗೆದು ಕಳ್ಸು."

ಮಾರ್ಚ್ 7
ರಜೆ ಹಾಕಿ ಹೋದೆ. ಭಾವ ಅರ್ಧ ಬಾಗಿಲು ತೆರೆದ. ಒಳಗೆ ಟಿವಿ ಕಿವಿ ಕಿತ್ತುಹೋಗುವಷ್ಟು ಜೋರು.
"ಅಕ್ಕ ಮಲಗಿದಾಳೆ."
"ಇಷ್ಟು ಸದ್ದಿನಲ್ಲಾ?"
"ಅಭ್ಯಾಸ ಆಗಿದೆ." ಬಾಗಿಲು ಹಾಕಲು ಹೊರಟವನು, "ರಿಮೋಟಲ್ಲಿ ಅದೇನೋ ಟೈಪ್ ಮಾಡ್ತಾ ಕೂತಿರ್ತಾಳೆ. ಏನು ಅಂತ ಒಂದಿನ ಕೂರಿಸ್ಕೊಂಡು ಕೇಳ್ಬೇಕು."
ಬಾಗಿಲು ಹಾಕಿದ. ಎಲ್ಲಿಂದ ಹೇಗೆ ಬಸ್ ಹತ್ತಿದೆನೋ ನೆನಪಿಲ್ಲ.

ಮಾರ್ಚ್ 12
ಐದು ದಿನ ಬರೀ 'ಅಕ್ಕ'. ಇವತ್ತು ಮಧ್ಯಾಹ್ನ: 'ನಾನು ಚೆನ್ನಾಗಿದ್ದೇನೆ ತಂಗಿ'.
ಅಕ್ಕ ಯಾವತ್ತೂ ನನ್ನನ್ನು ತಂಗಿ ಎಂದು ಕರೆದವಳಲ್ಲ. ಇದು ಅವಳು ಬರೆದದ್ದಲ್ಲ.
ಫೋಟೋ ಕಳಿಸಿದೆ. ಮೇಡಂ ತಾವೇ ಫೋನ್ ಮಾಡಿದರು, ಈ ಸಲ ದನಿಯೇ ಬೇರೆ. "ಅಡ್ರೆಸ್ ಕಳ್ಸು. ನಾಳೆ ಹತ್ತಕ್ಕೆ ಬರ್ತೀನಿ. ಒಬ್ಬಳೇ ಒಳಗೆ ಹೋಗ್ಬೇಡ."

ಮಾರ್ಚ್ 13, ಬೆಳಿಗ್ಗೆ 9:50
ಅಕ್ಕನ ಮನೆ ಎದುರಿನ ಬಸ್ ಸ್ಟಾಪ್. ಮೇಡಂ ಇನ್ನೂ ಬಂದಿಲ್ಲ. ಕಾಯುತ್ತಾ ಬರೆಯುತ್ತಿದ್ದೇನೆ.
ಬಾಗಿಲಿಗೆ ಬೀಗವಿಲ್ಲ. ಟಿವಿ ಸದ್ದೂ ಇಲ್ಲ.
ಆ್ಯಪ್ ತೆರೆದೆ. ಎರಡೇ ಪ್ರೊಫೈಲ್. ಅಕ್ಕನದು ಅಳಿಸಿಹೋಗಿದೆ. ಭಾವನದು ಹಾಗೇ ಇದೆ. ನನ್ನದರ ಮೇಲೆ ನಾನು ಹಾಕದ ಹೆಸರು: 'ಅಲ್ಯಾಕೆ ಕೂತಿದೀಯ, ಒಳಗೆ ಬಾ'.
ತಲೆಯೆತ್ತಿದೆ. ಕಿಟಕಿ ಪರದೆ ಅಲ್ಲಾಡುತ್ತಿತ್ತು.
ಮೇಡಂ ಫೋನ್ ಎತ್ತುತ್ತಿಲ್ಲ. ಒಳಗೆ ಏನೋ ಬಿತ್ತು, ಇಲ್ಲಿಗೂ ಕೇಳಿಸಿತು. ಹತ್ತಕ್ಕೆ ಇನ್ನೂ ಏಳು ನಿಮಿಷ. ಇನ್ನು ಕಾಯಲು ನನ್ನಿಂದ ಆಗುವುದಿಲ್ಲ. ರಸ್ತೆ ದಾಟಿ ಒಳಗೆ ಹೋಗುತ್ತಿದ್ದೇನೆ.