ಮೂರು ಬಿಳಿ ಗುಂಡಿ, ಒಂದು ಕಪ್ಪು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿಮ್ಮನ್ನು ಅಕ್ಕ ಎಂದು ಕರೆಯುವ ಹಕ್ಕು ನನಗಿದೆಯೋ ಇಲ್ಲವೋ, ಇವತ್ತಿಗೂ ತಿಳಿಯದು. ನಿಮ್ಮ ಮಗಳು ನನ್ನನ್ನು ಚಿಕ್ಕಮ್ಮ ಅನ್ನುತ್ತಾಳೆ. ಆ ಲೆಕ್ಕದಲ್ಲಿ ನೀವು ಅಕ್ಕನೇ ಆಗಬೇಕು. ಗಂಡನ ಮೊದಲ ಹೆಂಡತಿಗೆ ಏನೆಂದು ಕರೆದು ಕಾಗದ ಬರೆಯಬೇಕೆಂದು ಯಾರೂ ನನಗೆ ಹೇಳಿಕೊಟ್ಟಿಲ್ಲ. ನಿಮ್ಮ ಕಾಗದ ಬಂದಾಗಿನಿಂದ ನನ್ನ ತಲೆ ಕೆಟ್ಟು ಹೋಗಿದೆ. ನಿನ್ನೆ ಒಂದು ಅಂಗಿಗೆ ಎಡಗೈ ತೋಳನ್ನು ಬಲಕ್ಕೆ ಹೊಲಿದು ಮತ್ತೆ ಬಿಚ್ಚಿದೆ.

ನಿಮ್ಮ ಊರಿನ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಅವಳಿಗೆ ಸೊನ್ನೆ ಬಂದಿದೆ, ನಲವತ್ತು ಪ್ರಶ್ನೆಗೂ ಗುರುತು ಹಾಕಿದ್ದಾಳೆ, ಒಂದೂ ಸರಿಯಿಲ್ಲ ಎಂದು ಬರೆದಿದ್ದೀರಿ. ಸೀಟು ಸಿಕ್ಕರೆ ಮುಂದಿನ ವರ್ಷದಿಂದ ಅವಳು ನಿಮ್ಮ ಜೊತೆಗಿರಬೇಕು ಎಂದು ನೀವೂ ಅವರೂ ಮಾತಾಡಿಕೊಂಡದ್ದು ನನಗೂ ಗೊತ್ತು. ನಿಮಗೆ ಸಿಟ್ಟು ಬಂದದ್ದು ಸಹಜ. ಆದರೆ ಹುಡುಗಿಯನ್ನು ಹೊಲಿಗೆ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕಲು ಕೂರಿಸಿದ್ದೀಯಾ ಎಂದು ಕೇಳಿದಿರಲ್ಲ, ಅದು ಚುಚ್ಚಿತು. ಪೇಪರಿನವರು ಸರ್ಕಾರಕ್ಕೆ ಮಲತಾಯಿ ಧೋರಣೆ ಎಂದು ಬೈಯುವುದನ್ನು ಓದಿ ನಾನು ನಗುತ್ತಿದ್ದವಳು. ಈ ಸಲ ಅದು ನೇರವಾಗಿ ನನ್ನ ವಿಳಾಸಕ್ಕೇ ಬಂತು. ಅಳು ಬಂತು ಅಕ್ಕ, ಸುಳ್ಳು ಯಾಕೆ ಹೇಳಲಿ?

ಅವರು ಬಸ್ಸು ಡಿಪೋಗೆ ಬಿಟ್ಟು ಮನೆಗೆ ಬಂದಾಗ ಕಾಗದ ತೋರಿಸಿದೆ. "ಓದು ತಲೆಗೆ ಹತ್ತಲ್ಲ ಅಂದ್ರೆ ಏನ್ ಮಾಡಕ್ಕಾಗತ್ತೆ? ನನಗೂ ಹತ್ತಿರ್ಲಿಲ್ಲ" ಎಂದು ಹೇಳಿ ಕೈ ತೊಳೆಯಲು ಹೋದರು. ಓದು ತಲೆಗೆ ಹತ್ತದ ಹುಡುಗಿಯೇ ಇವಳು? ನನ್ನ ಗೊಂದಲವೆಲ್ಲ ಅಲ್ಲಿಂದಲೇ ಶುರು.

ಇವಳ ಶಾಲೆಯಲ್ಲಿ ಒಂದು ಪದ್ಧತಿ ಇದೆ. ಅವತ್ತಿನ ಪಾಠವನ್ನು ಮಕ್ಕಳು ಮನೆಯಲ್ಲಿ ಯಾರಿಗಾದರೂ ಕಲಿಸಬೇಕು. ಕಲಿತವರು ಕೊನೆಯಲ್ಲಿ ಒಂದು ಪ್ರಶ್ನೆ ಕೇಳಬೇಕು, ಮಗು ಆ ಪ್ರಶ್ನೆಯನ್ನು ಮಾರನೆಯ ದಿನ ತರಗತಿಗೆ ಒಯ್ಯಬೇಕು. ಅಪ್ಪ ಪಾಠದ ಮಧ್ಯದಲ್ಲೇ ಗೊರಕೆ ಹೊಡೆಯುತ್ತಾರೆ. ಹಾಗಾಗಿ ನಾನು ಸಿಕ್ಕಿಬಿದ್ದೆ. ನಾನು ಹೊಲಿಗೆ ಯಂತ್ರದ ಮುಂದೆ, ಅವಳು ಕತ್ತರಿಸುವ ಮೇಜಿನ ಮೇಲೆ, ಕೈಯಲ್ಲಿ ನನ್ನ ಮರದ ಸ್ಕೇಲು. ಈಗ ಮನೆಯಲ್ಲಿ ಅವಳಿಗೆ ಟೀಚರಮ್ಮ ಎಂದೇ ಹೆಸರು.

ಸೊನ್ನೆಗಿಂತ ಕೆಳಗೂ ಸಂಖ್ಯೆಗಳಿವೆಯಂತೆ, ನಿಮಗೆ ಗೊತ್ತೇ ಇರುತ್ತದೆ. ಎರಡು ಋಣ ಸಂಖ್ಯೆಗಳನ್ನು ಗುಣಿಸಿದರೆ ಧನವಾಗುತ್ತದಂತೆ. ಹಾಗಾದರೆ ಎರಡು ಹರಿದ ಬಟ್ಟೆ ಸೇರಿ ಒಂದು ಹೊಸ ಬಟ್ಟೆ ಯಾಕಾಗುವುದಿಲ್ಲ ಎಂದು ಕೇಳಿದೆ. "ಸೇರಿಸೋದಲ್ಲ ಚಿಕ್ಕಮ್ಮ, ಗುಣಿಸೋದು!" ಎಂದು ಹಣೆ ಚಚ್ಚಿಕೊಂಡಳು. ತರಗತಿಯಲ್ಲಿ ಎಲ್ಲರೂ ನಕ್ಕರಂತೆ. ಅದನ್ನು ನನಗೆ ಹೇಳುತ್ತಾ ಅವಳು ಇನ್ನೊಮ್ಮೆ ನಕ್ಕಳು.

ವಿಜ್ಞಾನದಲ್ಲಿ ಎಲೆಗಳು ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಪಾಠ. ಕಿಟಕಿಯ ಕುಂಡದಲ್ಲಿದ್ದ ಗಿಡದ ಒಂದು ಎಲೆಗೆ ಕಪ್ಪು ಕಾಗದ ಸುತ್ತಿಟ್ಟಳು. ಕೆಲವು ದಿನ ಬಿಟ್ಟು ಬಿಚ್ಚಿದರೆ ಪಾಪ, ಬಿಳಿಚಿಕೊಂಡಿತ್ತು. ಸಮಾಜದಲ್ಲಿ ನಕ್ಷೆ ಓದುವುದು. ನಕ್ಷೆ ಹಾಸಿ, ನಮ್ಮ ಊರಿನಿಂದ ನಿಮ್ಮ ಊರಿಗೆ ನನ್ನ ಟೇಪು ಇಟ್ಟಳು. ಕಾಗದದ ಮೇಲೆ ಬೆರಳಿನಷ್ಟು ಅಗಲವೂ ಇರಲಿಲ್ಲ. ನಿಜದಲ್ಲಿ ಎಷ್ಟು ದೂರವೆಂದು ಲೆಕ್ಕ ಹಾಕಿ ಹೇಳಿದಳು, ಆಮೇಲೆ ಟೇಪನ್ನು ಬೆರಳಿಗೆ ಸುತ್ತುತ್ತಾ ಕುಳಿತಳು. ಪಾಠ ಮುಗಿಯಿತೇನೋ ಎಂದುಕೊಂಡೆ.

ಭಾಷೆಯ ಪಾಠಕ್ಕೆ ಒಂದೇ ಜಗಳವನ್ನು ಇಬ್ಬರ ಬಾಯಲ್ಲಿ ಹೇಳಬೇಕಿತ್ತು. ಹಾಲು ಕುಡಿದ ಬೆಕ್ಕಿನ ಪರವಾಗಿ ಒಮ್ಮೆ, ಹಾಲು ಕಾಯಿಸಿಟ್ಟವಳ ಪರವಾಗಿ ಇನ್ನೊಮ್ಮೆ ವಾದ ಮಾಡಿದಳು. ಇಬ್ಬರದೂ ಸರಿ ಅನ್ನಿಸಿತು ನನಗೆ. ನಿಮ್ಮ ಕಾಗದ ಓದುವಾಗ ಅದು ನೆನಪಾಗಿ ನಿಮ್ಮ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ ನೋಡಿ.

ನಾನು ಐದನೇ ತರಗತಿಗೆ ಶಾಲೆ ಬಿಟ್ಟವಳು ಅಕ್ಕ. ಆರನೆಯದನ್ನು ಹೋದ ವರ್ಷ ಅವಳ ಜೊತೆ ಮುಗಿಸಿದೆ, ಈಗ ಏಳನೆಯದು ನಡೆಯುತ್ತಿದೆ. ಇಂಥ ಟೀಚರಮ್ಮನಿಗೆ ಸೊನ್ನೆ ಹೇಗೆ ಬಂತು? ಭಯವಾಯಿತೇ? ಜ್ವರವಿತ್ತೇ? ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಚೆನ್ನಾಗಿಯೇ ಇದ್ದಳು, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ನನ್ನ ಜೊತೆ ಜಗಳವಾಡಿದಳು. ಏನೂ ಬಗೆಹರಿಯಲಿಲ್ಲ.

ಶುಕ್ರವಾರ ಒಂದು ಅಂಗಿಗೆ ಗುಂಡಿ ಹಚ್ಚಲು ಕುಳಿತಾಗ ಹೊಳೆಯಿತು. ಸಂಭವನೀಯತೆ ಎಂಬ ಪಾಠ ಮಾಡುವಾಗ ಅವಳು ಬಟ್ಟೆಯ ಚೀಲದಲ್ಲಿ ಮೂರು ಬಿಳಿ ಗುಂಡಿ, ಒಂದು ಕಪ್ಪು ಗುಂಡಿ ಹಾಕಿದ್ದಳು. ನಾನು ನೋಡದೆ ಒಂದನ್ನು ತೆಗೆಯಬೇಕು, ಮತ್ತೆ ಒಳಗೆ ಹಾಕಬೇಕು, ಮತ್ತೆ ತೆಗೆಯಬೇಕು. ಗಿರಾಕಿ ಬಂದು ನಿಂತರೂ ಬಿಡಲಿಲ್ಲ. ಸುಮಾರು ನಾಲ್ಕು ಸಲಕ್ಕೊಮ್ಮೆ ಕಪ್ಪು ಬರುತ್ತಿತ್ತು. "ನೋಡಿದ್ಯಾ? ಏನೂ ಗೊತ್ತಿಲ್ದೆ ಕೈ ಹಾಕಿದ್ರೂ ಕಾಲು ಭಾಗ ಸಿಕ್ಕೇ ಸಿಗತ್ತೆ" ಎಂದಿದ್ದಳು.

ನಿಮ್ಮ ಊರಿನ ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟು ಒಂದಕ್ಕೆ ಗುರುತು ಹಾಕಿ ಎಂದಿದ್ದರು. ಏನೂ ಓದದ ನಾನು ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಹತ್ತೋ ಎಂಟೋ ಸರಿಯಾಗುತ್ತಿದ್ದವು. ಒಂದೂ ಸರಿಯಾಗಬಾರದು ಎಂದರೆ ಅಷ್ಟಕ್ಕೂ ಸರಿಯುತ್ತರ ಗೊತ್ತಿರಬೇಕು. ಬೇಕೆಂದೇ ಅದೊಂದನ್ನು ಬಿಟ್ಟು ಬೇರೆಯದಕ್ಕೆ ಗುರುತು ಹಾಕಬೇಕು. ಅತಿ ಬುದ್ಧಿವಂತಿಕೆ ಮಾಡಿ ಸಿಕ್ಕಿಬಿದ್ದಿದ್ದಾಳೆ ನಿಮ್ಮ ಮಗಳು.

ಇದು ಹೊಳೆದಾಗ ನನಗೆ ಸಂತೋಷವಾಯಿತು. ಅದನ್ನೂ ಬರೆದುಬಿಡುತ್ತೇನೆ. ಸೂಜಿ ಹಿಡಿದುಕೊಂಡು ಒಬ್ಬಳೇ ನಕ್ಕೆ. ಆಮೇಲೆ ನಾಚಿಕೆಯಾಯಿತು, ಹೆತ್ತವರು ನೀವು. ಲ್ಯಾಬಿನ ಕೆಲಸ ಮುಗಿಸಿ ಬಂದು ಅವಳಿಗಾಗಿ ಕೋಣೆ ಸಿದ್ಧಮಾಡುತ್ತಿದ್ದೀರಿ, ಗೋಡೆಗೆ ಹಳದಿ ಬಣ್ಣ ಹೊಡೆಸಿದ್ದೀರಿ. ಅವಳು ನನ್ನನ್ನು ಬಿಟ್ಟು ಬರಲಾರದೆ ಹೀಗೆ ಮಾಡಿದಳೆಂದುಕೊಳ್ಳಲು ನನಗೆ ಆಸೆ. ಆದರೆ ಅದು ಪಕ್ಕದ ಬೆಂಚಿನ ಗೆಳತಿಗಾಗಿ ಇರಬಹುದು, ಅಪ್ಪನಿಗಾಗಿ ಇರಬಹುದು, ಆ ಕುಂಡದ ಗಿಡಕ್ಕಾಗಿಯೂ ಇರಬಹುದು. ನಾನು ಕೇಳಿಲ್ಲ. ಕೇಳಿದರೆ ನನ್ನ ಮುಖ ನೋಡಿಕೊಂಡು ಉತ್ತರ ಹೇಳುತ್ತಾಳೆ. ಆ ಉತ್ತರವನ್ನು ನಂಬುವುದು ಹೇಗೆ, ನಂಬದೆ ಇರುವುದು ಹೇಗೆ?

ಇನ್ನೊಂದು ಪರೀಕ್ಷೆಗೆ ಅವಕಾಶವಿದೆ ಎಂದಿದ್ದೀರಿ. ಅದಕ್ಕೆ ಮೊದಲು ಒಮ್ಮೆ ಬನ್ನಿ ಅಕ್ಕ. ಬೈಯಬೇಡಿ. ಕತ್ತರಿಸುವ ಮೇಜಿನ ಮುಂದೆ ನನ್ನ ಸ್ಟೂಲಿನ ಮೇಲೆ ಕುಳಿತು ಅವಳಿಂದ ಒಂದು ಪಾಠ ಹೇಳಿಸಿಕೊಳ್ಳಿ, ಯಾವುದಾದರೂ ಸರಿ. ಕೊನೆಯಲ್ಲಿ ಒಂದು ಪ್ರಶ್ನೆ ನೀವು ಕೇಳಲೇಬೇಕು, ಅದು ನಿಯಮ. ಏನು ಕೇಳಬೇಕೆಂದು ನಿಮಗೇ ತಿಳಿಯುತ್ತದೆ. ನಾನು ಆಗ ಅಂಗಡಿಯಲ್ಲಿ ಇರುವುದಿಲ್ಲ, ದಾರ ತರಲು ಪೇಟೆಗೆ ಹೋಗುತ್ತೇನೆ. ನಿಮ್ಮ ಜೊತೆ ಬರುತ್ತೇನೆ ಎಂದು ಅವಳು ಹೇಳಿದರೆ ಪೆಟ್ಟಿಗೆ ನಾನೇ ತುಂಬಿ ಕಳಿಸುತ್ತೇನೆ, ಇದು ಮಾತು.

ನಿಮ್ಮ ತಂಗಿ ಎಂದುಕೊಂಡಿರುವ,
ಏಳನೇ ತರಗತಿಯ ವಿದ್ಯಾರ್ಥಿನಿ

ಮತ್ತೊಂದು ಮಾತು: ಲಕೋಟೆ ಅಂಟಿಸಬೇಕು ಅನ್ನುವಷ್ಟರಲ್ಲಿ ಅವಳು ಗುಂಡಿಯ ಚೀಲ ಹಿಡಿದುಕೊಂಡು ಬಂದಳು. "ಚಿಕ್ಕಮ್ಮ, ನೋಡ್ದೆ ಗುರುತು ಹಾಕ್ತಾ ಹೋದ್ರೆ ನಲವತ್ತರಲ್ಲಿ ಎಷ್ಟು ಸರಿ ಬರತ್ತೆ, ಹೇಳು ನೋಡೋಣ?" ಎಂದಳು. ಈ ಸಲ ಸಿಕ್ಕಿಬೀಳದ ಹಾಗೆ ಲೆಕ್ಕ ಹಾಕಿ ತಪ್ಪು ಬರೆಯುವ ಯೋಚನೆ ಅವಳದು. ಸರಿಯಾಗಿ ಬರೆದುಬಿಡು ಮಗಳೇ ಅನ್ನಬೇಕಿತ್ತು ನಾನು. ಮರೆತುಹೋಯ್ತು ಕಣೇ ಎಂದೆ. ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡು ಮೇಲಿನ ಹಲಗೆಯ ಮೇಲಿಟ್ಟೆ. ಈ ವರ್ಷ ಅವಳು ನನ್ನಷ್ಟೇ ಎತ್ತರವಾಗಿದ್ದಾಳೆ, ಆ ಹಲಗೆ ಅವಳ ಕೈಗೂ ಎಟುಕುತ್ತದೆ. ಇಡುವಾಗಲೇ ನನಗದು ಗೊತ್ತಿತ್ತು. ಬೇಗ ಬನ್ನಿ ಅಕ್ಕ.