ಬದಲಾಪುರದ ಮನೆಯಲ್ಲಿ ಕಾಕುವಿನ ಜಾಗ

ಡೊಂಬಿವಲಿ
ಸೋಮವಾರ

ಚಿರಂಜೀವಿ ಸ್ನೇಹಲ್‌ಗೆ ರಾಯಪ್ಪ ಕಾಕಾನ ಆಶೀರ್ವಾದಗಳು.

ಬದಲಾಪುರದಲ್ಲಿ ನಾವು ಕಟ್ಟಿಸಲಿರುವ ಮನೆಗೆ ನೀನು ಬರೆದ ನಕ್ಷೆ ತಲುಪಿತು. ಗೋಡೆ, ಕುರ್ಚಿ, ತೋಟ ಮೂರೂ ಒಂದರೊಳಗೊಂದು ಬೆರೆಯಬೇಕೆಂಬ ನಿನ್ನ ಸಿದ್ಧಾಂತವನ್ನು ಎದ್ದು ನಿಂತು ಗೌರವಿಸಿದ್ದೇನೆ. ಹಾಲ್‌ನೊಳಗೆ ಬಿದಿರು ಬಂದಿದೆ, ಸೋಫಾ ತೋಟಕ್ಕೆ ಹೋಗಿದೆ. ನನಗೆ ಪೇಪರ್ ಓದುವ ಮೂಲೆ, ನಮ್ಮ ಮಗ ಶಿವರಾಜನಿಗೆ ಜಿಮ್, ಗುಬ್ಬಿಗಳಿಗೂ ಸ್ನಾನದ ತೊಟ್ಟಿ. ನನ್ನ ಹೆಂಡತಿಗೆ, ನಿನ್ನ ಕಾಕುವಿಗೆ ಮಾತ್ರ ಏನೂ ಇಲ್ಲ.

ತಪ್ಪು ನಿನ್ನದೆನ್ನಲಾರೆ. ನಕ್ಷೆ ಬರೆಯುವ ಮೊದಲು ನೀನು ಅವಳನ್ನು, "ಕಾಕು, ತುಲಾ ಕಾಯ್ ಪಾಹಿಜೆ? ನಿನಗೇನು ಬೇಕು?" ಎಂದು ಕೇಳಿದೆ.

"ನನಗೇನ ಬೇಕವಾ, ಏನೂ ಬ್ಯಾಡ" ಎಂದಳು.

ನೀನು ಅದನ್ನು ನಂಬಿಬಿಟ್ಟೆ! ನಮ್ಮಲ್ಲಿ ಊಟಕ್ಕೆ ಕೂತವರು ಮೊದಲ ಸಲ ರೊಟ್ಟಿ ಬೇಡವೆನ್ನುವುದು ಮರ್ಯಾದೆ, ಬಡಿಸುವವರು ಮತ್ತೆ ಮತ್ತೆ ಕೇಳುವುದು ಪದ್ಧತಿ. ಆರ್ಕಿಟೆಕ್ಚರ್ ಕಾಲೇಜಿನಲ್ಲಿ ಈ ಪಾಠ ಬಿಟ್ಟುಹೋದಂತಿದೆ.

ನಿನ್ನೆ ಅವಳು ಕನ್ನಡಕ ಹಾಕಿಕೊಂಡು ನಕ್ಷೆಯನ್ನು ಬಹಳ ಹೊತ್ತು ನೋಡಿದಳು. "ಛಲೋ ಐತ್ರಿ. ನೀವು, ಶಿವೂ ಹೋಗ್ರಿ. ನಾ ಇಲ್ಲೇ ಇರ್ತೀನಿ" ಎಂದಳು. ನಗುತ್ತಲೇ ಅಂದಳು. ನನಗೆ ನಗು ಬರಲಿಲ್ಲ.

ಸದ್ಯಕ್ಕೆ ಪಾಯ ತೋಡಬೇಡವೆಂದು ಕಂಟ್ರಾಕ್ಟರನಿಗೆ ಹೇಳಿದ್ದೇನೆ. ಭಾನುವಾರ ಊಟಕ್ಕೆ ಬಾ. ನಾನು ಕೇಳಿದರೆ ಹತ್ತನೆಯ ಸಲವೂ ಬೇಡವೆನ್ನುತ್ತಾಳೆ, ಗಂಡನಿಗೆ ಸಿಗುವ ಮರ್ಯಾದೆ ಅದು. ನೀನು ಕೇಳು. ಬೇಡವೆಂದರೆ ಇನ್ನೊಮ್ಮೆ ಕೇಳು. ಕೈಯಲ್ಲಿ ಪೆನ್ಸಿಲ್ ಸಿದ್ಧವಿರಲಿ. ಅವಳು ಹೇಳುವುದು ಬಹಳ ಮೆಲ್ಲಗೆ, ಅದೂ ಒಂದೇ ಸಲ.

ನಿನ್ನ ದಾರಿ ಕಾಯುವ,
ರಾಯಪ್ಪ ಕಾಕಾ